ಬಿಟ್ಟುಕೊಟ್ಟ ಮೆಮೊರಿಗೆ ವಿಷ ಹಾಕುವ ವಿದ್ಯೆ

ಮೆಮೊರಿಯನ್ನು ಫ್ರೀ ಮಾಡಿದೊಡನೆ ಅಲ್ಲಿದ್ದದ್ದು ಅಳಿಸಿಹೋಗುತ್ತದೆ ಎಂಬ ನಂಬಿಕೆ ಎಷ್ಟೋ ಪ್ರೋಗ್ರಾಮರುಗಳಲ್ಲಿ ಗಟ್ಟಿಯಾಗಿ ಕೂತಿದೆ. ಹಾಗೇನೂ ಆಗುವುದಿಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ 'ಈ ಜಾಗ ಖಾಲಿ' ಎಂದು ಗುರುತು ಮಾಡಿಕೊಳ್ಳುತ್ತದೆ. ಒಳಗಿನ ಬೈಟುಗಳು ಬಹುಪಾಲು ಇದ್ದಂತೆಯೇ ಇರುತ್ತವೆ. ಹಳೆಯ ಪಾಯಿಂಟರನ್ನು, ಅಂದರೆ ಆ ಜಾಗದ ವಿಳಾಸವನ್ನು, ಬಿಡದೆ ಹಿಡಿದುಕೊಂಡ ಡ್ರೈವರ್ ಅದನ್ನು ಓದಿದರೆ ಸರಿಯಾಗಿಯೇ ಕಾಣುವ ಮಾಹಿತಿ ಸಿಗುತ್ತದೆ. ಆ ಜಾಗ ಬೇರೆಯವರ ಪಾಲಾದ ಮೇಲೆ ಅಲ್ಲಿ ಬರೆದರೆ ಕೆಡುವುದು ಅವರ ಡೇಟಾ. ತಪ್ಪು ಡ್ರೈವರಿನದು, ಕುಸಿಯುವುದು ಫೈಲ್ ಸಿಸ್ಟಮ್.

ಇದಕ್ಕೆ ಕಂಡುಕೊಂಡ ಉಪಾಯ ತುಂಬ ಚೆಂದದ್ದು. ಲಿನಕ್ಸ್ ಬೂಟ್ ಆಗುವಾಗ ಸ್ಲಬ್ (ಕರ್ನಲ್ಲಿನ ಮೆಮೊರಿ ಹಂಚುವ ಭಾಗ) ಡೀಬಗ್ ಆಯ್ಕೆ ಕೊಟ್ಟರೆ, ಬಿಟ್ಟುಕೊಟ್ಟ ಆಬ್ಜೆಕ್ಟಿನ, ಅಂದರೆ ಮೆಮೊರಿ ತುಂಡಿನ, ಒಂದೊಂದು ಬೈಟಿಗೂ ಹೆಕ್ಸ್ (16ರ ಆಧಾರದ ಸಂಖ್ಯೆ) 6ಬಿ ತುಂಬುತ್ತಾರೆ, ಕೊನೆಯ ಬೈಟಿಗೆ ಮಾತ್ರ ಎ5. ಇದೇ ವಿಷ. ಖಾಲಿ ಕೋಣೆಯ ನೆಲಕ್ಕೆಲ್ಲ ಹಿಟ್ಟು ಹರಡಿ ಬಾಗಿಲು ಮುಚ್ಚಿದ ಹಾಗೆ. ಒಳಗೆ ಯಾರಾದರೂ ಕಾಲಿಟ್ಟಿದ್ದರೆ, ಅಂದರೆ ಬರೆದಿದ್ದರೆ, ಮುಂದಿನ ಸಲ ಆ ಜಾಗವನ್ನು ಹಂಚುವಾಗ ಹೆಜ್ಜೆ ಗುರುತು ಕಾಣುತ್ತದೆ. ಓದುವವರಿಗೆ ಅದೇ ಹಸಿ ಬಣ್ಣ: ಮುಟ್ಟಿದವರ ಕೈಗೆ ಅಂಟಿಕೊಂಡು ಹೋಗುತ್ತದೆ.

6ಬಿ ಬದಲು ಸೊನ್ನೆ ತುಂಬಬಹುದಲ್ಲ? ಬೇಡ. ಸೊನ್ನೆ ತೀರಾ ಸಾಧು. 'ಪಾಯಿಂಟರ್ ನಲ್ ಆಗಿದ್ದರೆ ಬಿಟ್ಟುಬಿಡು' ಎನ್ನುವ ಸಾಲು ತಪ್ಪನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಎಂಟು 6ಬಿಗಳು ಸೇರಿದ ವಿಳಾಸವಾದರೋ 64 ಬಿಟ್‌ನ ಎಕ್ಸ್86 ಪ್ರೊಸೆಸರಿಗೆ ಸಿಂಧುವೇ ಅಲ್ಲ; ಮುಟ್ಟಿದ ಕ್ಷಣವೇ ಟ್ರ್ಯಾಪ್, ಪ್ರೊಸೆಸರ್ ಅಲ್ಲೇ ತಡೆಯುತ್ತದೆ. ಜೊತೆಗೆ 6ಬಿ ಆಸ್ಕಿಯಲ್ಲಿ ಇಂಗ್ಲಿಷಿನ ಸಣ್ಣ 'ಕೆ'. ಮೆಮೊರಿಯ ಬೈಟುಗಳನ್ನು ಪಟ್ಟಿ ಮಾಡಿ ತೋರಿಸುವ ಡಂಪಿನ ಬಲಗಡೆ ಸಾಲುಸಾಲು 'ಕೆ' ಕಂಡರೆ ಎಲ್ಲಿದ್ದೇವೆಂದು ತಿಳಿದುಹೋಯಿತು.

ಕರ್ನಲ್ ಎಡವಿದಾಗ ಅದು ಮುದ್ರಿಸುವ ಊಪ್ಸ್ ಸಂದೇಶದಲ್ಲಿ 6ಬಿ6ಬಿ6ಬಿ6ಬಿ6ಬಿ6ಬಿ6ಬಿ83 ಎಂಬ ವಿಳಾಸ ಬಂದಿದೆ ಅನ್ನಿ. ಕೊನೆಯ 83ರಲ್ಲಿ 6ಬಿ ಕಳೆಯಿರಿ: ಹೆಕ್ಸ್ 18, ಅಂದರೆ 24. ಸತ್ತ ಆಬ್ಜೆಕ್ಟಿನಿಂದ ಒಂದು ಪಾಯಿಂಟರ್ ಓದಿ, ಅದು ತೋರಿಸುವ ಸ್ಟ್ರಕ್ಟಿನ 24ನೇ ಬೈಟಿನ ಫೀಲ್ಡಿಗೆ ಕೈ ಹಾಕಿದ್ದಾರೆ. ಆ ಫೀಲ್ಡ್ ಯಾವುದೆಂದು ಪಹೋಲ್ ಎಂಬ ಉಪಕರಣ ಹೇಳುತ್ತದೆ.

ಈ ಜಾಣ್ಮೆ ಹಳೆಯದು. ಸ್ಲಬ್‌ಗೆ ಮೂಲವಾದ ಸ್ಲ್ಯಾಬ್ ಎಂಬ ಮೆಮೊರಿ ಹಂಚಿಕೆಯ ವಿಧಾನವನ್ನು ಜೆಫ್ ಬಾನ್ವಿಕ್ 1994ರಲ್ಲಿ ಸನ್ಓಎಸ್ 5.4ಕ್ಕಾಗಿ ವಿವರಿಸಿದಾಗಲೇ ಬಿಟ್ಟ ಮೆಮೊರಿಗೆ 'ಡೆಡ್‌ಬೀಫ್' ಎಂದು ಓದಬಹುದಾದ ಹೆಕ್ಸ್ ಸಂಖ್ಯೆ ತುಂಬುತ್ತಿದ್ದರು.

ಜಾಗ ಬೇಗನೆ ಮರುಹಂಚಿಕೆಯಾದರೆ ವಿಷದ ಮೇಲೆ ಹೊಸ ಡೇಟಾ ಕೂರುತ್ತದೆ, ಸುಳಿವು ಮಾಯ. ಆಗ ಕರ್ನಲ್ಲಿನ ಮೆಮೊರಿ ತಪ್ಪು ಹಿಡಿಯುವ ಉಪಕರಣ ಕಾಸಾನ್ ಬೇಕು. ಅದು ಪ್ರತಿ 8 ಬೈಟಿಗೆ 1 ನೆರಳು ಬೈಟ್ ಇಟ್ಟು ಒಂದೊಂದು ಓದು-ಬರಹವನ್ನೂ ಪರೀಕ್ಷಿಸುತ್ತದೆ, ಬಿಟ್ಟ ಜಾಗವನ್ನು ಕೆಲಕಾಲ ಯಾರಿಗೂ ಕೊಡದೆ ಕ್ವಾರಂಟೈನಿನಲ್ಲಿ ಇಡುತ್ತದೆ. ವರದಿಯಲ್ಲಿ ಮೂರು ಸ್ಟ್ಯಾಕ್‌ಗಳು, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಪಟ್ಟಿಗಳು, ಇರುತ್ತವೆ: ಮುಟ್ಟಿದ್ದು, ಹಂಚಿದ್ದು, ಬಿಟ್ಟದ್ದು. ಬಿಟ್ಟದ್ದನ್ನು ಮೊದಲು ಓದಿ.

ಕರ್ನಲ್ಲಿನಲ್ಲಿ ಸಂದೇಶ ಮುದ್ರಿಸುವ ಒಂದು ಪ್ರಿಂಟ್‌ಕೆ ಸೇರಿಸಿದ ಮೇಲೆ ಬಗ್ ಕಾಣದಿದ್ದರೆ ಅದು ಹೋಯಿತೆಂದು ದಯವಿಟ್ಟು ನಂಬಬೇಡಿ. ಸಮಯದ ಲೆಕ್ಕ ತುಸು ಸರಿದಿದೆ, ಅಷ್ಟೆ. ಆಮೇಲೆ ಮಾಡಲೆಂದು ಸರದಿಯಲ್ಲಿ ಇಟ್ಟ ಕೆಲಸ, ಅಂದರೆ ವರ್ಕ್ ಒಂದು, ಆ ಆಬ್ಜೆಕ್ಟನ್ನು ಇನ್ನೂ ನೆಚ್ಚಿಕೊಂಡಿದೆಯೇ ನೋಡಿ. ಇದ್ದರೆ ಮೆಮೊರಿ ಬಿಟ್ಟುಕೊಡುವ ಕೆಫ್ರೀಗೆ ಮೊದಲು, ಆ ವರ್ಕನ್ನು ರದ್ದುಮಾಡುವ ಕ್ಯಾನ್ಸಲ್ ವರ್ಕ್ ಸಿಂಕ್ ಫಂಕ್ಷನ್ ಕರೆಯಬೇಕು. ಅದು ಓಡುತ್ತಿರುವ ಕೆಲಸ ಮುಗಿಯುವವರೆಗೂ ಕಾದು ಆಮೇಲೆ ಮರಳುತ್ತದೆ.