ವಾಷಿಂಗ್ಟನ್‌ಗಿಂತ ಮೊದಲು ಅಮೆರಿಕವನ್ನು ನಡೆಸಿದ್ದು ಯಾರು?

ಪ್ರಶ್ನೆ: ಅಮೆರಿಕ ಸ್ವಾತಂತ್ರ್ಯ ಘೋಷಿಸಿದ್ದು 1776ರಲ್ಲಿ. ಜಾರ್ಜ್ ವಾಷಿಂಗ್ಟನ್ ಮೊದಲ ಅಧ್ಯಕ್ಷರಾಗಿದ್ದು 1789ರಲ್ಲಿ. ಮಧ್ಯದ 13 ವರ್ಷ ದೇಶ ನಡೆಸಿದ್ದು ಯಾರು? ಅವರಿಗಿಂತ ಮೊದಲೇ ಬೇರೆ ಅಧ್ಯಕ್ಷರಿದ್ದರು ಅಂತ ಕೆಲವರು ಹೇಳುತ್ತಾರೆ, ನಿಜವಾ?

ಉತ್ತರ: ನಿಜ. ಒಬ್ಬಿಬ್ಬರಲ್ಲ, 1774ರಿಂದ ಲೆಕ್ಕ ಹಾಕಿದರೆ 14 ಮಂದಿ. ಆದರೆ ಅವರು ದೇಶದ ಅಧ್ಯಕ್ಷರಲ್ಲ, ಸಭೆಯ ಅಧ್ಯಕ್ಷರು. ನಮ್ಮ ಸಮಾರಂಭಗಳ ಆಮಂತ್ರಣದಲ್ಲಿ ‘ಅಧ್ಯಕ್ಷತೆ’ ಅಂತ ಒಂದು ಹೆಸರು ಹಾಕಿರುತ್ತಾರಲ್ಲ, ಹೆಚ್ಚೂಕಡಿಮೆ ಹಾಗೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಪ್ರೆಸಿಡೆಂಟ್, ಕನ್ನಡದಲ್ಲಿ ಎರಡಕ್ಕೂ ಅಧ್ಯಕ್ಷ. ಗೊಂದಲ ಹುಟ್ಟುವುದೇ ಅಲ್ಲಿ.

ಆ ಸಭೆಯ ಹೆಸರು ಕಾಂಟಿನೆಂಟಲ್ ಕಾಂಗ್ರೆಸ್. 13 ರಾಜ್ಯಗಳು ತಮ್ಮ ಪ್ರತಿನಿಧಿಗಳನ್ನು ಅಲ್ಲಿಗೆ ಕಳಿಸುತ್ತಿದ್ದವು. ದೊಡ್ಡ ವರ್ಜೀನಿಯಾ ಇರಲಿ, ಪುಟ್ಟ ಡೆಲವೇರ್ ಇರಲಿ, ರಾಜ್ಯಕ್ಕೆ ಒಂದೇ ವೋಟು. ಅಧ್ಯಕ್ಷರು ಕಲಾಪ ನಡೆಸುತ್ತಿದ್ದರು, ಪತ್ರಗಳಿಗೆ ಸಹಿ ಹಾಕುತ್ತಿದ್ದರು, ಅತಿಥಿಗಳಿಗೆ ಊಟ ಹಾಕಿಸುತ್ತಿದ್ದರು. ಅಷ್ಟೇ. ‘ನಿಜವಾದ ಮೊದಲ ಅಧ್ಯಕ್ಷ’ ಅಂತ ಈಗ ಹಲವರು ಹೊಗಳುವ ಜಾನ್ ಹ್ಯಾನ್ಸನ್ 1781ರಲ್ಲಿ ಈ ಕುರ್ಚಿಗೆ ಬಂದರು, ಒಂದು ವರ್ಷ ಇದ್ದು ಹೋದರು. ಇನ್ನೂ ಮಜಾ 1785ರಲ್ಲಿ. ಆಯ್ಕೆಯಾದ ಜಾನ್ ಹ್ಯಾನ್‌ಕಾಕ್‌ಗೆ ಕಾಯಿಲೆ. ಅವರು ಸಭೆಯ ಕಡೆ ತಲೆಯನ್ನೇ ಹಾಕಲಿಲ್ಲ, ಮರುವರ್ಷ ರಾಜೀನಾಮೆ ಕಳಿಸಿದರು. ಬೇರೆಯವರು ಕುರ್ಚಿಯಲ್ಲಿ ಕೂತು ಕೆಲಸ ಮುಂದುವರಿಸಿದರು. ಅಧ್ಯಕ್ಷರೇ ಬಾರದಿದ್ದರೂ ನಡೆಯುವಂಥ ಹುದ್ದೆ ಅದು.

ಅಧ್ಯಕ್ಷರು ಹೀಗೆ ಬಂದು ಹೋಗುತ್ತಿದ್ದರೆ, ಕದಲದೆ ಕೂತವರು ಒಬ್ಬರಿದ್ದರು: ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್. ಐರ್ಲೆಂಡ್‌ನಲ್ಲಿ ಹುಟ್ಟಿ, ಚಿಕ್ಕ ಹುಡುಗನಾಗಿ ಹಡಗು ಹತ್ತಿ ಬಂದ ಅನಾಥ. 1774ರಿಂದ 1789ರವರೆಗೆ ಪ್ರತಿ ನಿರ್ಣಯ ಬರೆದಿಟ್ಟವರು ಅವರೇ. ಸ್ವಾತಂತ್ರ್ಯ ಘೋಷಣೆ ಮೊದಲ ಸಲ ಅಚ್ಚಾದಾಗ ಅದರಡಿ ಇದ್ದ ಕಾಂಗ್ರೆಸ್ಸಿನವರ ಹೆಸರು ಎರಡೇ, ಹ್ಯಾನ್‌ಕಾಕ್ ಮತ್ತು ಥಾಮ್ಸನ್. ಇವರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ಕಾಂಗ್ರೆಸ್ಸಿಗೊಂದು ನಿಯಮಾವಳಿಯೂ ಇತ್ತು, ಆರ್ಟಿಕಲ್ಸ್ ಆಫ್ ಕಾನ್ಫೆಡರೇಶನ್. 1777ರಲ್ಲೇ ಬರೆದು ಮುಗಿಸಿದ್ದರು. ಎಲ್ಲಾ 13 ರಾಜ್ಯಗಳು ಒಪ್ಪುವಷ್ಟರಲ್ಲಿ 1781ರ ಮಾರ್ಚ್ ಬಂತು. ಅದರ ಪ್ರಕಾರ ಕಾಂಗ್ರೆಸ್ ಯುದ್ಧ ಹೂಡಬಹುದು, ಒಪ್ಪಂದ ಮಾಡಬಹುದು, ಸಾಲ ತರಬಹುದು. ತೆರಿಗೆ ಮಾತ್ರ ಹಾಕುವಂತಿಲ್ಲ. ದುಡ್ಡು ಬೇಕಾದರೆ ರಾಜ್ಯಗಳನ್ನು ಕೇಳಬೇಕು. ಗಣೇಶನ ಹಬ್ಬಕ್ಕೆ ಚಂದಾ ಎತ್ತಲು ಹೋದ ಹುಡುಗರ ಹಾಗೆ: ಕೊಟ್ಟರೆ ಕೊಟ್ಟರು, ‘ಆಮೇಲೆ ಬನ್ನಿ’ ಅಂದರೆ ವಾಪಸ್ ಬರಬೇಕು. ಹೊರದೇಶದ ಸರಕಿಗೆ ಶೇ. 5ರಷ್ಟು ಸುಂಕ ಹಾಕೋಣ ಅಂತ 1781ರಲ್ಲಿ ಕೇಳಿಕೊಂಡರು. ನಿಯಮ ತಿದ್ದಲು ಎಲ್ಲರೂ ಒಪ್ಪಬೇಕಿತ್ತು. ರೋಡ್ ಐಲೆಂಡ್ ಅನ್ನುವ ಅಂಗೈ ಅಗಲದ ರಾಜ್ಯ ಒಲ್ಲೆ ಅಂದಿತು. ಕಥೆ ಮುಗೀತು.

ಹೀಗಾಗಿ ನಿಜವಾದ ಕೆಲಸ ಎಷ್ಟೋ ಸಲ ರಾಜ್ಯಗಳ ಪಾಲಿಗೇ ಬರುತ್ತಿತ್ತು. ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗುಗಳ ಕಾಟ ಜಾಸ್ತಿಯಾದಾಗ ಒಂದು ಸರಕು ಹಡಗಿಗೆ 16 ಫಿರಂಗಿ ಕೂರಿಸಿ ಕಳಿಸಿದ್ದು ಪೆನ್ಸಿಲ್ವೇನಿಯಾ ರಾಜ್ಯ, ಕಾಂಗ್ರೆಸ್ ಅಲ್ಲ. 1782ರ ಏಪ್ರಿಲ್ 8ರಂದು 22 ವರ್ಷದ ಜೋಶುವಾ ಬಾರ್ನಿ ಆ ಹಡಗಿನಲ್ಲಿ ಹೋಗಿ, ತನಗಿಂತ ಬಲವಾದ ‘ಜನರಲ್ ಮಂಕ್’ ಅನ್ನು ಅರ್ಧ ಗಂಟೆಯೊಳಗೆ ಹಿಡಿದು ತಂದ. ಆ ಪೆನ್ಸಿಲ್ವೇನಿಯಾ ಹಡಗಿನ ಹೆಸರೇನು ಗೊತ್ತಾ? ‘ಹೈದರ್ ಅಲಿ’. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರಾಲಿಯೇ. ಆಗ ಆತ ಇಲ್ಲಿ ಇಂಗ್ಲಿಷರ ಮೇಲೆ ಯುದ್ಧದಲ್ಲಿದ್ದ. ಅಷ್ಟು ಸಾಕಿತ್ತು, ಫಿಲಡೆಲ್ಫಿಯಾದವರಿಗೆ ನೆಂಟನಾಗಿಬಿಟ್ಟ.

ಕೈಯಲ್ಲಿ ಕಾಸಿಲ್ಲದ ಸರ್ಕಾರದ ಪಾಡೇನು ಅನ್ನುವುದು 1783ರ ಜೂನ್ 21ರಂದು ಗೊತ್ತಾಯಿತು. ಸ್ವಾತಂತ್ರ್ಯ ಘೋಷಿಸಿದ ಅದೇ ಫಿಲಡೆಲ್ಫಿಯಾ ಕಟ್ಟಡ. ಒಳಗೆ ಕಾಂಗ್ರೆಸ್. ಹೊರಗೆ ಸುಮಾರು 400 ಸೈನಿಕರು, ಅವರದೇ ಸೈನಿಕರು, ಸಂಬಳದ ಬಾಕಿ ಕೇಳಿ ಸುತ್ತುವರಿದಿದ್ದಾರೆ. ಪಕ್ಕದ ಹೆಂಡದಂಗಡಿಗಳಿಂದ ಸರಬರಾಜೂ ನಡೆದಿದೆ. ಆಗೀಗ ಯಾರೋ ಕಿಟಕಿಯತ್ತ ಬಂದೂಕು ತೋರಿಸುತ್ತಾರೆ. ಪೆನ್ಸಿಲ್ವೇನಿಯಾದ ಮುಖ್ಯಸ್ಥರು ಅದೇ ಕಟ್ಟಡದಲ್ಲಿದ್ದರು. ನಿಮ್ಮ ರಾಜ್ಯದ ಪಡೆ ಕರೆಸಿ ಅಂತ ಕಾಂಗ್ರೆಸ್ ಬೇಡಿಕೊಂಡಿತು. ಅವರು ಕರೆಸಲಿಲ್ಲ. ಅವರ ಹೆಸರು ಜಾನ್ ಡಿಕಿನ್ಸನ್. ಕಾಂಗ್ರೆಸ್ಸಿನ ನಿಯಮಾವಳಿಯ ಮೊದಲ ಕರಡು ಬರೆದವರೂ ಇವರೇ! ಆ ಕರಡಿನಲ್ಲಿ ಕೇಂದ್ರಕ್ಕೆ ಇನ್ನಷ್ಟು ಬಲವಿತ್ತು, ಕತ್ತರಿಸಿ ತೆಳ್ಳಗೆ ಮಾಡಿದ್ದು ಉಳಿದವರು. ಮಧ್ಯಾಹ್ನ ಮೂರರ ಹೊತ್ತಿಗೆ ಸದಸ್ಯರು ಸೈನಿಕರ ನಡುವೆಯೇ ನಡೆದುಕೊಂಡು ಹೊರಗೆ ಬಂದರು. ಆಮೇಲೆ ಪ್ರಿನ್ಸ್‌ಟನ್, ಅನಾಪೊಲಿಸ್, ಟ್ರೆಂಟನ್, ನ್ಯೂಯಾರ್ಕ್ ಅಂತ ಊರೂರು ಅಲೆದರು.

ನಮ್ಮಲ್ಲೂ 1947ರಿಂದ 1950ರವರೆಗೆ ನಮ್ಮದೇ ಸಂವಿಧಾನ ಇರಲಿಲ್ಲ, ಅಲ್ವಾ? ಆದರೆ 1935ರ ಕಾಯ್ದೆಯನ್ನು ತಿದ್ದಿಕೊಂಡೆವು. ದೆಹಲಿಯಲ್ಲಿ ಕಚೇರಿ, ಖಜಾನೆ, ತೆರಿಗೆ ಇಲಾಖೆ ಎಲ್ಲಾ ಸಿದ್ಧವಿತ್ತು. ಅಮೆರಿಕದವರಿಗೆ ಕೇಂದ್ರ ಅನ್ನುವುದು ಇದ್ದದ್ದೇ ಲಂಡನ್ನಿನಲ್ಲಿ. ಅದನ್ನು ಕಡಿದುಕೊಂಡ ಮೇಲೆ ಅಂಥದ್ದೇ ಇನ್ನೊಂದನ್ನು ಕಟ್ಟಲು ಅವರಿಗೆ ಭಯ. ಅದಕ್ಕೇ ಈ ವ್ಯವಸ್ಥೆಯನ್ನು ಸುಮ್ನೆ ದಂಡ ಅಂತ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಯುದ್ಧ ಗೆದ್ದದ್ದು ಇದೇ ಕಾಂಗ್ರೆಸ್. ಓಹಿಯೋ ನದಿಯ ಉತ್ತರದ ಪ್ರದೇಶದಲ್ಲಿ ಗುಲಾಮಗಿರಿ ಬೇಡ, ಅಲ್ಲಿ ಹುಟ್ಟುವ ಹೊಸ ರಾಜ್ಯಗಳೂ ಹಳೆಯವಕ್ಕೆ ಸಮ ಅಂತ 1787ರಲ್ಲಿ ಕಾನೂನು ಮಾಡಿದ್ದೂ ಇದೇ.

ಆದರೂ ಬುಡ ಅಲ್ಲಾಡಿತ್ತು. 1786ರಲ್ಲಿ ಪಶ್ಚಿಮ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಜಪ್ತಿ ತಡೆಯಲು ಕೋರ್ಟುಗಳನ್ನೇ ಮುಚ್ಚಿಸಿದರು. ಮುಂದಾಳುಗಳಲ್ಲೊಬ್ಬ ಡೇನಿಯಲ್ ಶೇಸ್, ಸ್ವಾತಂತ್ರ್ಯ ಯುದ್ಧದ ಮಾಜಿ ಕ್ಯಾಪ್ಟನ್. ದಂಗೆ ಅಡಗಿಸಲು ಕಾಂಗ್ರೆಸ್ಸಿನ ಹತ್ತಿರ ಸೈನ್ಯವಿಲ್ಲ. ಬಾಸ್ಟನ್ನಿನ ವ್ಯಾಪಾರಿಗಳು ದುಡ್ಡು ಹಾಕಿ ರಾಜ್ಯದ ಪಡೆ ಕಟ್ಟಿಸಿದರು. ಉಳ್ಳವರಿಗೆ ದಿಗಿಲು ಹತ್ತಿತು.

1787ರ ಮೇ 25ಕ್ಕೆ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಸಭೆ ಸೇರಿತು. ಹೆಸರಿಗೆ ಹಳೆಯ ನಿಯಮಾವಳಿ ತಿದ್ದಲು. ಮಾಡಿದ್ದು ಹೊಸದನ್ನೇ. ಅಧ್ಯಕ್ಷ ಪದವಿ ಹುಟ್ಟಿದ ಗಳಿಗೆ ನೋಡಬೇಕೆಂದರೆ ಜೂನ್ 1ಕ್ಕೆ ಬನ್ನಿ. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಎದ್ದು, ಆಡಳಿತ ಒಬ್ಬನೇ ವ್ಯಕ್ತಿಯ ಕೈಯಲ್ಲಿರಲಿ ಅಂದರು. ಕೋಣೆಯಲ್ಲಿ ಮೌನ. ಯಾರೂ ತುಟಿ ಬಿಚ್ಚುವುದಿಲ್ಲ. ಬಿಚ್ಚುವುದು ಹೇಗೆ? ಆ ಒಬ್ಬ ಯಾರಾಗುತ್ತಾರೆ ಅಂತ ಎಲ್ಲರಿಗೂ ಗೊತ್ತು, ಆ ವಾಷಿಂಗ್ಟನ್ ಎದುರಿಗೇ ಕೂತಿದ್ದಾರೆ. ಆವತ್ತು ಚರ್ಚೆ ನಡೆಸುತ್ತಿದ್ದ ನಥಾನಿಯಲ್ ಗೋರಮ್, ಹಿಂದಿನ ವರ್ಷವಷ್ಟೇ ಕಾಂಗ್ರೆಸ್ಸಿನ ಆ ಹಲ್ಲಿಲ್ಲದ ಅಧ್ಯಕ್ಷರಾಗಿದ್ದವರು. ವೋಟಿಗೆ ಹಾಕಲೇ ಅಂತ ಕೇಳಿದರು. 81ರ ಬೆಂಜಮಿನ್ ಫ್ರಾಂಕ್ಲಿನ್ ತಡೆದು, ಇದು ದೊಡ್ಡ ವಿಷಯ, ಮೊದಲು ನಿಮ್ಮ ಮನಸ್ಸಿನಲ್ಲಿರುವುದನ್ನು ಹೇಳಿ ಅಂದರು. ಆಮೇಲೆ ಮಾತು ಬಂತು. ವರ್ಜೀನಿಯಾದ ರ್‍ಯಾಂಡಾಲ್ಫ್ ಇದನ್ನು ರಾಜಪ್ರಭುತ್ವದ ಭ್ರೂಣ ಅಂತಲೇ ಕರೆದರು. ಒಬ್ಬರ ಬದಲು ಮೂವರಿರಲಿ ಅನ್ನುವುದು ಅವರ ವಾದ. ಮೂರು ದಿನದ ನಂತರ 7 ರಾಜ್ಯಗಳು ಒಬ್ಬರೇ ಸಾಕು ಅಂದವು, 3 ರಾಜ್ಯಗಳು ಅದನ್ನು ವಿರೋಧಿಸಿದವು.

ಸೆಪ್ಟೆಂಬರ್ 17ಕ್ಕೆ 39 ಸಹಿ ಬಿದ್ದವು. ಮರುವರ್ಷ ಜೂನ್‌ನಲ್ಲಿ ನ್ಯೂಹ್ಯಾಂಪ್‌ಶೈರ್ ಒಪ್ಪಿ, ಬೇಕಾಗಿದ್ದ 9 ರಾಜ್ಯಗಳ ಲೆಕ್ಕ ತುಂಬಿತು.

ಈಗ ನಿಮ್ಮ ಪ್ರಶ್ನೆಗೆ ಮರಳಿದರೆ, ಯಾರೂ ನಡೆಸದ ಕಾಲವೂ ಒಂದಿತ್ತು. 13 ವರ್ಷವಲ್ಲ, ಸುಮಾರು ಆರು ತಿಂಗಳು. ಹಳೆ ಕಾಂಗ್ರೆಸ್ಸಿಗೆ ಕೊನೆಯ ಸಲ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಸದಸ್ಯರು, ಸಿಕ್ಕಿದ್ದು 1788ರ ಅಕ್ಟೋಬರ್ 10ಕ್ಕೆ. ಹೊಸ ಕಾಂಗ್ರೆಸ್ 1789ರ ಮಾರ್ಚ್ 4ಕ್ಕೆ ಶುರುವಾಗಬೇಕಿತ್ತು, ಎರಡೂ ಸದನಗಳಲ್ಲಿ ಕೋರಂ ಆಗುವಾಗ ಏಪ್ರಿಲ್ 6. ಆವತ್ತೇ ಮತ ಎಣಿಸಿದರು. ಅಧ್ಯಕ್ಷರನ್ನು ಆರಿಸಲೆಂದೇ ರಾಜ್ಯಗಳಿಂದ ನೇಮಕವಾಗಿದ್ದ 69 ಮತದಾರರು, ಅಷ್ಟೂ ಜನರ ಮತ ವಾಷಿಂಗ್ಟನ್‌ಗೆ. ಸುದ್ದಿ ಮುಟ್ಟಿಸಲು ಅವರ ಮನೆಯಿದ್ದ ಮೌಂಟ್ ವರ್ನನ್‌ಗೆ ಕಳಿಸಿದ್ದು ಯಾರನ್ನು? ಚಾರ್ಲ್ಸ್ ಥಾಮ್ಸನ್. ಏಪ್ರಿಲ್ 14ಕ್ಕೆ ಹೋಗಿ ಪತ್ರ ಓದಿ ಹೇಳಿದರು.

ಹೊಸ ಸರ್ಕಾರದಲ್ಲಿ ಥಾಮ್ಸನ್‌ಗೆ ಕೆಲಸ ಸಿಗಲಿಲ್ಲ. ಜುಲೈನಲ್ಲಿ ಕಡತಗಳನ್ನೂ, ತಾವೇ 1782ರಲ್ಲಿ ರೂಪ ಕೊಟ್ಟಿದ್ದ ರಾಷ್ಟ್ರಮುದ್ರೆಯನ್ನೂ ಒಪ್ಪಿಸಿ ತೋಟದ ಮನೆಗೆ ಹೋದರು. ಆ 15 ವರ್ಷ ಒಳಗೆ ನಡೆದದ್ದನ್ನೆಲ್ಲ ದೊಡ್ಡ ಗ್ರಂಥವಾಗಿ ಬರೆದಿಟ್ಟಿದ್ದರು. ಆಮೇಲೆ ತಮ್ಮ ಕೈಯಾರೆ ಸುಟ್ಟುಹಾಕಿದರು.