ಎದುರಿಗೆ ಯಾರೂ ಇಲ್ಲದಾಗ ಯಾರನ್ನು ನೋಡಿ ಮಾತಾಡಬೇಕು?

ಪ್ರಶ್ನೆ: ಆಡಿಷನ್‌ಗೆ ಷೇಕ್ಸ್‌ಪಿಯರ್ ನಾಟಕದ ಒಂದು ಉದ್ದ ಮಾತು ತಯಾರು ಮಾಡಿಕೊಳ್ಳುತ್ತಿದ್ದೇನೆ. ಆಯ್ಕೆ ಮಾಡುವವರ ಮುಖ ನೋಡಿಯೇ ಹೇಳಬೇಕಾ?

ಉತ್ತರ: ಬೇಡ. ಅವರಿಗೆ ನಿಮ್ಮನ್ನು ಗಮನಿಸುವ ಕೆಲಸ ಇದೆ, ನಡುನಡುವೆ ಏನಾದರೂ ಬರೆದುಕೊಳ್ಳಬೇಕು. ನೀವು ದಿಟ್ಟಿಸುತ್ತಿದ್ದರೆ ಪೆನ್ನು ಎತ್ತುವುದಕ್ಕೂ ಮುಜುಗರ ಆಗುತ್ತದೆ.

ಅವರ ತಲೆಗಿಂತ ಸ್ವಲ್ಪ ಮೇಲೆ, ಹಿಂದಿನ ಗೋಡೆಯಲ್ಲಿ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಎದುರು ಪಾತ್ರ ನಿಂತಿರುವುದು ಅಲ್ಲಿ. ಪಕ್ಕದ ಗೋಡೆಗೆ ತಿರುಗಿದರೆ ಅರ್ಧ ಮುಖವೇ ಕಾಣುವುದು. ಖಾಲಿ ಕುರ್ಚಿಯ ಜೊತೆ ಮಾತಾಡಿದರೆ ಕಣ್ಣು ಕೆಳಗಿಳಿದುಬಿಡುತ್ತದೆ.

ಆದರೆ ಸುಮ್ನೆ ಗೋಡೆ ನೋಡಿದರೆ ಆಗಲಿಲ್ಲ. ಅಲ್ಲಿರುವವನು ಈಗಷ್ಟೇ ಏನು ಹೇಳಿದ ಅನ್ನುವುದು ನಿಮ್ಮ ಕಿವಿಯಲ್ಲಿರಬೇಕು. 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದಲ್ಲಿ ವಕೀಲನ ವೇಷದಲ್ಲಿ ನ್ಯಾಯಾಲಯಕ್ಕೆ ಬಂದ ಪೋರ್ಷಿಯಾ ದಯೆಯ ಬಗ್ಗೆ ಆಡುವ ಮಾತನ್ನೇ ತಗೊಳ್ಳಿ. ಜಾಸ್ತಿ ಜನ ಅದನ್ನು ಪ್ರವಚನದ ಹಾಗೆ ಒಪ್ಪಿಸುತ್ತಾರೆ. ನಿಜಕ್ಕೂ ಅದು ಒಂದು ಉತ್ತರ. ಸಾಲ ತೀರಿಸದವನ ಮೈಯಿಂದ ಮಾಂಸ ಕೊಯ್ಯುತ್ತೇನೆ ಅಂತ ಹಟ ಹಿಡಿದಿರುವ ಶೈಲಾಕ್ ದಯೆ ತೋರಿಸಲೇಬೇಕು ಅಂತ ಅವಳು ಹೇಳುತ್ತಾಳೆ. ಯಾವ ಒತ್ತಾಯಕ್ಕೆ ತೋರಿಸಲಿ, ಅದನ್ನು ಹೇಳು ಅಂತ ಅವನು ಕೆಣಕುತ್ತಾನೆ. ಅವಳ ಮಾತು ಶುರುವಾಗುವುದು ಅಲ್ಲಿಂದ. ದಯೆ ಎಂಥದು ಅಂತ ಹೇಳಲು ಮಳೆಯ ಮಾತು ಆಯಿತು, ರಾಜನ ಕಿರೀಟದ ಮಾತು ಆಯಿತು, ಕೊನೆಗೆ ದೇವರೂ ಬಂದ. ಒಂದು ಅವನಿಗೆ ನಾಟಲಿಲ್ಲ ಅಂತಲೇ ಇನ್ನೊಂದನ್ನು ಹುಡುಕುತ್ತಾಳೆ, ಅಲ್ವಾ? ಇಷ್ಟಾದರೂ ಅವನು ಜಗ್ಗುವುದಿಲ್ಲ, ನನಗೆ ಕಾನೂನೇ ಬೇಕು ಅನ್ನುತ್ತಾನೆ. ಆ ಜಗ್ಗದ ಮುಖ ನಿಮಗೆ ಗೋಡೆಯ ಮೇಲೆ ಕಂಡರೆ ದನಿಯ ಏರಿಳಿತ ತಾನಾಗಿ ಬರುತ್ತದೆ. ಮನೆಯಲ್ಲಿ ಗೆಳೆಯರ ಕೈಲಿ ಆ ಪ್ರಶ್ನೆ ಕೇಳಿಸಿಕೊಂಡು ಅಭ್ಯಾಸ ಮಾಡಿ. ಆಡಿಷನ್ ದಿನ ಅದನ್ನು ಮನಸ್ಸಲ್ಲೇ ಕೇಳಿಸಿಕೊಂಡು ಬಾಯಿ ತೆರೆಯಿರಿ.

ಪಾತ್ರ ಒಂಟಿಯಾಗಿ ಆಡುವ ಸ್ವಗತದ ಕಥೆ ಬೇರೆ. ಷೇಕ್ಸ್‌ಪಿಯರ್ ತಂಡ 1599ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಗ್ಲೋಬ್ ರಂಗಮಂದಿರದ ನಡುವಿನ ಅಂಗಳಕ್ಕೆ ಚಾವಣಿ ಇರಲಿಲ್ಲ, ಆಟ ನಡೆಯುತ್ತಿದ್ದದ್ದು ಹಗಲು ಬೆಳಕಲ್ಲಿ. ನಟನಿಗೆ ಜನರ ಮುಖ ಕಾಣುತ್ತಿತ್ತು. ಹಾಗಾಗಿ ಸ್ವಗತ ಅಂದರೆ ಅಂಗೈ ನೋಡಿಕೊಂಡು ಗೊಣಗುವುದು ಅಂದುಕೊಳ್ಳಬೇಡಿ. ಸಮಿತಿಯ ಹಿಂದೆ ತುಂಬಿದ ಸಭೆ ಇದೆ ಅಂದುಕೊಂಡು ಅವರನ್ನೇ ಕೇಳಿ, ಅವರ ಜೊತೆಗೇ ವಾದಕ್ಕಿಳಿಯಿರಿ. ನಡುವೆ ಸಮಿತಿಯವರ ಮೇಲೆ ಕಣ್ಣು ಹಾಯ್ದರೆ ತಪ್ಪೇನಿಲ್ಲ, ಅಲ್ಲೇ ನಿಲ್ಲಬೇಡಿ ಅಷ್ಟೆ.

ಕೆಲವರಿಗೆ ತಮ್ಮನ್ನೇ ನೋಡಿ ಹೇಳಿದರೆ ಇಷ್ಟ. ಅನುಮಾನ ಬಂದರೆ ಶುರು ಮಾಡುವ ಮೊದಲೇ ಕೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.