ಒಕ್ಕಲೆದ್ದವರನ್ನು ಎಣಿಸುವುದು ಹೇಗೆ?

ಬೆಂಗಳೂರಿನಲ್ಲಿ ವರ್ಷಕ್ಕೆ ಎಷ್ಟು ಸಂಸಾರಗಳು ಮನೆ ಕಳೆದುಕೊಳ್ಳುತ್ತವೆ ಎಂದು ಕೇಳಿದರೆ ಎರಡು ಉತ್ತರಗಳು ಥಟ್ಟನೆ ಬರುತ್ತವೆ. ಜನಗಣತಿ ಮುಗಿಯಲಿ, ಗೊತ್ತಾಗುತ್ತದೆ ಎಂಬುದು ಒಂದು. ಸರ್ಕಾರ ಒಂದು ಪೋರ್ಟಲ್ ಮಾಡಿಸಲಿ ಎಂಬುದು ಇನ್ನೊಂದು. ಎರಡೂ ಪೊಳ್ಳು. ಜನಗಣತಿ 2011ರಲ್ಲಿ ವಲಸೆಯ ಕಾರಣ ಕೇಳಿದಾಗ ಕೆಲಸ, ಮದುವೆ, ಓದು ಪಟ್ಟಿಯಲ್ಲಿದ್ದವು. ‘ಮಾಲೀಕರು ಬಿಡಿಸಿದರು’ ಎಂಬುದು ಇರಲಿಲ್ಲ. ಇನ್ನು ಪೋರ್ಟಲ್ಲಿಗೆ ತುಂಬಿಸಲು ಕಾಗದವಾದರೂ ಎಲ್ಲಿದೆ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ನಮ್ಮ ಕರಾರುಗಳು 11 ತಿಂಗಳಿಗೇ ನಿಲ್ಲುವುದು ಅದಕ್ಕಾಗಿ. ‘ಮುಂದಿನ ತಿಂಗಳು ಖಾಲಿ ಮಾಡಿ’ ಎಂದರೆ ಸಾಮಾನು ಟೆಂಪೊ ಹತ್ತುತ್ತದೆ, ಯಾವ ಕಚೇರಿಯ ಪುಸ್ತಕದಲ್ಲೂ ಅದರ ಗುರುತು ಉಳಿಯುವುದಿಲ್ಲ.

ಕಾಗದ ಇರುವ ಕಡೆಯೂ ನೋಡಿ. ಸಾಲ ವಸೂಲಿಗೆಂದಿರುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸ್ ಕೊಟ್ಟು, ಬಾಕಿ ತೀರದಿದ್ದರೆ ಮನೆಯನ್ನು ವಶಪಡಿಸಿಕೊಳ್ಳಬಹುದು. ಅದನ್ನು ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು. ಆ ಸ್ವಾಧೀನ ಪ್ರಕಟಣೆಗಳನ್ನು ಒಮ್ಮೆ ಓದಿ. ಸಾಲಗಾರರ ಹೆಸರು, ಬಾಕಿ ಮೊತ್ತ, ಕೊನೆಗೆ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇರೆಯವರ ಸ್ವತ್ತು. ಒಳಗೆ ಯಾರು ವಾಸವಿದ್ದಾರೆ ಎಂಬ ಸುಳಿವೇ ಸಿಗುವುದಿಲ್ಲ. ಆ ಮೂರಂತಸ್ತಿನಲ್ಲಿ ಆರು ಸಂಸಾರಗಳು ಇದ್ದ ಉಳಿತಾಯವನ್ನೆಲ್ಲ ಮಾಲೀಕರ ಕೈಗಿಟ್ಟು ಭೋಗ್ಯಕ್ಕಿರಬಹುದು. ದಾಖಲೆಯಲ್ಲಿ ಅದು ಒಂದೇ ಜಪ್ತಿ. ಅಮೆರಿಕದ ಮಿಲ್ವಾಕಿಯಲ್ಲಿ 2009–11ರಲ್ಲಿ ಬಾಡಿಗೆದಾರರನ್ನೇ ವಿಚಾರಿಸಿದಾಗ, ಬಲವಂತವಾಗಿ ಮನೆ ಬಿಟ್ಟ ಪ್ರಸಂಗಗಳಲ್ಲಿ ಕೋರ್ಟಿನ ಮೂಲಕ ಆದವು ಸುಮಾರು ಕಾಲುಭಾಗ. ಹೆಚ್ಚುಕಡಿಮೆ ಅಷ್ಟೇ ಪಾಲು ಮಾಲೀಕರ ಸಾಲದ ಜಪ್ತಿಯಿಂದ ಆಗಿತ್ತು. ಅರ್ಧದಷ್ಟು ಬಾಯಿಮಾತಿನಲ್ಲೇ ಮುಗಿದಿತ್ತು.

ಹಾಗಾದರೆ ಕಾಣದವರನ್ನು ಎಣಿಸುವುದು ಹೇಗೆ? ಇದಕ್ಕೊಂದು ಅತ್ಯಂತ ಸೊಗಸಾದ ಗಣಿತವಿದೆ. ಒಂದು ವಾರ್ಡನ್ನು ಕಲ್ಪಿಸಿಕೊಳ್ಳಿ. ನ್ಯಾಯಾಲಯದ ಪಟ್ಟಿಯಲ್ಲಿ ಮನೆ ಬಿಟ್ಟ 60 ಕುಟುಂಬಗಳಿವೆ, ಮನೆಮನೆ ಸಮೀಕ್ಷೆಯಲ್ಲಿ 50 ಸಿಕ್ಕಿವೆ, ಎರಡರಲ್ಲೂ ಇರುವವು 15. ಸಮೀಕ್ಷೆಗೆ ಸಿಕ್ಕ 50ರಲ್ಲಿ 15, ಅಂದರೆ ನೂರಕ್ಕೆ 30 ಮಾತ್ರ ನ್ಯಾಯಾಲಯದ ಕಣ್ಣಿಗೆ ಬಿದ್ದಿವೆ. ನ್ಯಾಯಾಲಯದ ಪಟ್ಟಿ ಒಟ್ಟು ಸಂಖ್ಯೆಯಲ್ಲೂ ನೂರಕ್ಕೆ 30ನ್ನೇ ಹಿಡಿದಿದೆ ಎಂದುಕೊಂಡರೆ, ಒಟ್ಟು 200. ಎರಡೂ ಪಟ್ಟಿಗಳನ್ನು ಒಟ್ಟುಗೂಡಿಸಿ, ಎರಡು ಸಲ ಬಂದ 15ನ್ನು ಒಮ್ಮೆ ಮಾತ್ರ ಎಣಿಸಿದರೆ ಸಿಗುವ ಹೆಸರುಗಳು 95. ಉಳಿದ 105 ಕುಟುಂಬಗಳನ್ನು ಯಾರೂ ಬರೆದುಕೊಂಡಿಲ್ಲ, ಆದರೂ ಅವು ಲೆಕ್ಕಕ್ಕೆ ಸಿಕ್ಕಿವೆ!

ಡೆನ್ಮಾರ್ಕಿನ ಜೀವವಿಜ್ಞಾನಿ ಪೀಟರ್ಸನ್ 1890ರ ದಶಕದಲ್ಲಿ ಮೀನುಗಳಿಗೆ ಗುರುತು ಹಾಕಿ ಬಿಟ್ಟು ಮತ್ತೆ ಹಿಡಿದ ಕಾಲದಿಂದ ಈ ಉಪಾಯ ಬಳಕೆಯಲ್ಲಿದೆ. 1949ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಸಿ. ಚಂದ್ರಶೇಖರನ್ ಮತ್ತು ಎಡ್ವರ್ಡ್ಸ್ ಡೆಮಿಂಗ್ ಕಲ್ಕತ್ತಾ ಬಳಿಯ ಸಿಂಗೂರಿನ ನೋಂದಣಿ ಪುಸ್ತಕವನ್ನು ಮನೆಮನೆ ವಿಚಾರಣೆಯೊಂದಿಗೆ ತಾಳೆ ನೋಡಿ, ದಾಖಲಾಗದ ಜನನ ಮರಣಗಳನ್ನು ಅಂದಾಜು ಮಾಡಿದರು. ಇದೇ ಚಂದ್ರಶೇಖರನ್ ಮುಂದೆ 1951–52ರ ಮೈಸೂರು ಜನಸಂಖ್ಯಾ ಅಧ್ಯಯನದಲ್ಲಿ ತೊಡಗಿದರು. ಬೆಂಗಳೂರು ನಗರವೂ ಅದರಲ್ಲಿ ಸೇರಿತ್ತು. ಒಂದು ಪಟ್ಟಿಗೆ ಸಿಕ್ಕವರೇ ಇನ್ನೊಂದಕ್ಕೂ ಸುಲಭವಾಗಿ ಸಿಗುವಂತಿದ್ದರೆ ಒಟ್ಟು ಸಂಖ್ಯೆ ಕಡಿಮೆ ಬರುತ್ತದೆ. ಅದಕ್ಕೆ ಚಂದ್ರಶೇಖರನ್ ಮತ್ತು ಡೆಮಿಂಗ್ ಹೇಳಿದ ಮದ್ದು, ಜನರನ್ನು ಗುಂಪು ಗುಂಪಾಗಿ ಬಿಡಿಸಿ ಎಣಿಸುವುದು. ನಮ್ಮಲ್ಲಿ ಬಾಡಿಗೆಯವರು, ಭೋಗ್ಯದವರು, ಶೆಡ್ಡಿನವರು ಬೇರೆ ಬೇರೆ ಗುಂಪುಗಳಾಗಬೇಕು.

ಈ ಗಣಿತ ಕೈಕೊಡುವುದು ಹೆಸರುಗಳ ವಿಷಯದಲ್ಲಿ. ಒಂದು ಪಟ್ಟಿಯಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಿ, ಇಬ್ಬರೂ ಒಬ್ಬರೇ. ಹೀಗೆ ಐದು ಹೆಸರು ತಾಳೆಯಾಗದೆ 15 ಇದ್ದದ್ದು 10 ಆದರೆ, ಒಟ್ಟು ಸಂಖ್ಯೆ 200ರಿಂದ 300ಕ್ಕೆ ಜಿಗಿಯುತ್ತದೆ. ಇಲ್ಲದ ನೂರು ಸಂಸಾರಗಳು ಹುಟ್ಟಿಕೊಳ್ಳುತ್ತವೆ. ಆದ್ದರಿಂದ ನಮಗೆ ಬೇಕಿರುವುದು ಹೊಸ ಪೋರ್ಟಲ್ ಅಲ್ಲ, ಎಲ್ಲ ದಾಖಲೆಗಳಲ್ಲೂ ಮನೆಗೊಂದು ಸಮಾನ ಗುರುತು. ಅದು ವಿದ್ಯುತ್ ಬಿಲ್ಲಿನ ಮೇಲೆಯೇ ಇದೆ: ಆರ್‌ಆರ್ ಸಂಖ್ಯೆ. 2023ರ ಗೃಹಜ್ಯೋತಿ ಯೋಜನೆಗಾಗಿ ಬಾಡಿಗೆದಾರರೂ ತಮ್ಮ ಆಧಾರ್ ಸಂಖ್ಯೆಯನ್ನು ಅದಕ್ಕೆ ಜೋಡಿಸಿದ್ದಾರೆ, ಮನೆ ಬದಲಿಸಿದಾಗ ಬಿಡಿಸಿಕೊಳ್ಳುತ್ತಾರೆ. ದಾವೆಯ ಅರ್ಜಿಯಲ್ಲಿ, ಸ್ವಾಧೀನದ ದಾಖಲೆಯಲ್ಲಿ ಆ ಸಂಖ್ಯೆಗೊಂದು ಕಾಲಂ, ವಾಸವಿರುವ ಕುಟುಂಬಗಳ ಸಂಖ್ಯೆಗೆ ಇನ್ನೊಂದು ಕಾಲಂ ಇಟ್ಟರೆ ತಾಳೆ ನೋಡುವ ಕೆಲಸ ಎಷ್ಟೋ ಹಗುರವಾಗುತ್ತದೆ. ತಾಳೆಯಾದ ಪಟ್ಟಿ ಮಾತ್ರ ಹೆಸರು ಸಹಿತ ಹೊರಗೆ ಬರಕೂಡದು. ಒಮ್ಮೆ ಒಕ್ಕಲೆದ್ದವರ ಹೆಸರು ಮಾಲೀಕರ ಮೊಬೈಲುಗಳಲ್ಲಿ ಓಡಾಡಿದರೆ ಅವರಿಗೆ ಮುಂದಿನ ಮನೆಯೂ ಸಿಗುವುದಿಲ್ಲ.

ಆರ್‌ಆರ್ ಸಂಖ್ಯೆಯೇ ಇಲ್ಲದ ಶೆಡ್ಡುಗಳಿಗೆ ಈ ದಾರಿ ಸಾಲದು. 2013ರ ಜನವರಿಯಲ್ಲಿ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು, 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಶೆಡ್ಡುಗಳು ನೆಲಸಮವಾದವು. ಇಂಥ ಕಡೆ ಮೊದಲ ಪಟ್ಟಿಯನ್ನು ಜೆಸಿಬಿ ಬರುವುದಕ್ಕೆ ಮುಂಚೆಯೇ ಬರೆಯಬೇಕು. ತೆರವಿಗೆ ಮೊದಲು ಸಮೀಕ್ಷೆ ಆಗಬೇಕೆಂದು ದೆಹಲಿ ಹೈಕೋರ್ಟ್ 2010ರಲ್ಲೇ ಹೇಳಿದೆ. ಎರಡನೆಯ ಪಟ್ಟಿಗೆ ಹತ್ತಿರದ ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಹಾಜರಿ ಪುಸ್ತಕಗಳಿವೆ. ಮಕ್ಕಳ ಹೆಸರು ಯಾವ ವಾರ ನಿಂತುಹೋಯಿತು ಎಂಬುದು ಅವುಗಳಲ್ಲಿ ಇರುತ್ತದೆ.